ನಿನೊ ಅವರ ನಕ್ಷತ್ರ ಹುಡುಕಿಕೊಂಡು ಪಾಲೆರ್ಮೊಗೆ

ಮುದ್ದೇಬಿಹಾಳ ಬಿಟ್ಟದ್ದು

ಇಟಲಿಗೆ ಹೋಗಿಬಂದೆ ಎಂದಕೂಡಲೇ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಆ ವಾಲಿದ ಗೋಪುರದ ಸುದ್ದಿ. ಅದನ್ನು ನಾನು ನೋಡಲಿಲ್ಲ. ನಾನು ಹೋದದ್ದು ಇಟಲಿಯ ದಕ್ಷಿಣದ ತುದಿಗಿರುವ ಸಿಸಿಲಿ ದ್ವೀಪಕ್ಕೆ, ಅಲ್ಲಿಯ ಪಾಲೆರ್ಮೊ ಪಟ್ಟಣಕ್ಕೆ. ಅಲ್ಲಿ ನೋಡಿದ್ದು ಒಂದು ಸಾವಿನ ಮನೆ, ಕಂಪ್ಯೂಟರ್ ಪರದೆಯ ಮೇಲೆ ಒಂದಷ್ಟು ಚುಕ್ಕೆ, ಒಬ್ಬ ಕಲ್ಲು ಕೆತ್ತುವವನ ಅಂಗಡಿ. ಫೋಟೊ ತೋರಿಸಿ ಎಂದವರಿಗೆ ಸಮುದ್ರದ ಫೋಟೊ ತೋರಿಸಿ ಸುಮ್ಮನಾಗಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುದ್ದೇಬಿಹಾಳದಲ್ಲಿ ಭೌತಶಾಸ್ತ್ರ ಕಲಿಸುವವಳು. ತವರು ಬಸವನ ಬಾಗೇವಾಡಿ ತಾಲೂಕಿನ ಮಸೂತಿ. ಜೊತೆಗೆ ಬಂದವರು ನಮ್ಮಲ್ಲೇ ಎಲೆಕ್ಟ್ರಾನಿಕ್ಸ್ ಕಲಿಸುವ ಬಿರಾದಾರ ಸರ್. ಅವರದು ಇಂಡಿ, ಮನೆಯವರು ನಿಂಬೆ ಬೆಳೆಯುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವರಿಗೆ ಸಿಟ್ಟೇ ಬರುವುದಿಲ್ಲ. ಇಷ್ಟು ವರ್ಷ ಒಂದೇ ಟೇಬಲ್ಲಿನ ಎದುರುಬದುರು ಕೂತು ಕೆಲಸ ಮಾಡಲು ಸಾಧ್ಯವಾಗಿರುವುದು ಹೀಗೆ.

ಏನು ಕೆಲಸ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಕಾಶದಲ್ಲಿ ಸತ್ತು ಕುಗ್ಗಿದ ಕೆಲವು ನಕ್ಷತ್ರಗಳಿವೆ. ಗಾತ್ರ ನೋಡಿದರೆ ಬಾಗೇವಾಡಿಗೂ ಮುದ್ದೇಬಿಹಾಳಕ್ಕೂ ನಡುವೆ ಕೂರುವಷ್ಟು. ತೂಕ ನೋಡಿದರೆ ಸೂರ್ಯನಿಗಿಂತ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ವಿಪರೀತ ಕಾಂತಶಕ್ತಿ. ಮೈ ಬಿರಿದಾಗಲೆಲ್ಲ ಕಣ್ಣು ಮಿಟುಕಿಸುವುದರೊಳಗೆ ಗಾಮಾ ಕಿರಣಗಳ ಒಂದು ಸಿಡಿತ ಹೊರಬೀಳುತ್ತದೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಸಿಡಿಯುತ್ತದೆ. ಕಷ್ಟವಿರುವುದು ಆ ಸಿಡಿತ ಎಲ್ಲಿಂದ ಬಂತೆಂದು ಹೇಳುವುದರಲ್ಲಿ. ದೂರ ದೂರ ಇರುವ ಎರಡು ಉಪಗ್ರಹಗಳು ಒಂದೇ ಸಿಡಿತವನ್ನು ಸ್ವಲ್ಪ ಹಿಂದೆಮುಂದೆ ಹಿಡಿಯುತ್ತವೆ. ಆ ಹೊತ್ತಿನ ಅಂತರದಿಂದ ಆಕಾಶದ ಮೇಲೆ ಒಂದು ಪಟ್ಟಿ ಎಳೆಯಬಹುದು. ಪಟ್ಟಿಯಿಂದ ಓಣಿ ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ. ಮನೆ ತಿಳಿಯಬೇಕಾದರೆ ಎಕ್ಸ್‌ರೇ ದೂರದರ್ಶಕವನ್ನು ಆ ಓಣಿಯತ್ತ ತಿರುಗಿಸಬೇಕು. ಸಿಡಿದ ನಕ್ಷತ್ರ ಕೆಲವು ದಿನ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಕಾದಿರುತ್ತದೆ. ಎಕ್ಸ್‌ರೇಯಲ್ಲಿ ಅದು ಹೊಳೆಯುವಾಗ ಇದೇ ಮನೆ ಎಂದು ಬೆರಳಿಟ್ಟು ತೋರಿಸಬಹುದು.

ಪಾಲೆರ್ಮೊದ ನಿನೊ ಅವರು ಈ ಕೆಲಸದಲ್ಲಿ ಕೂದಲು ಹಣ್ಣಾದವರು. ಸಿಡಿತಕ್ಕೆ ಹೆಸರಾದ ಒಂದು ನಕ್ಷತ್ರವಿದೆ, ನಮ್ಮ ನಮ್ಮಲ್ಲಿ ಅದನ್ನು ‘ಹಳೆಯದು’ ಎಂದು ಕರೆಯುತ್ತಿದ್ದೆವು. ಆ ದಿಕ್ಕಿನಿಂದ ಯಾವ ಸಿಡಿತ ಬಂದರೂ ಎಲ್ಲರೂ ಅದರ ತಲೆಗೇ ಕಟ್ಟುತ್ತಾರೆ. ಊರಲ್ಲಿ ಏನು ಕಳವಾದರೂ ಪೊಲೀಸರು ಮೊದಲು ಹಳೇ ಕಳ್ಳನ ಮನೆಗೆ ಹೋಗುತ್ತಾರಲ್ಲ, ಹಾಗೆ. ನಿನೊ ಅವರ ಪ್ರಕಾರ ಅವುಗಳಲ್ಲಿ ಕೆಲವು ಅದರವಲ್ಲ. ಕೆಲವು ಸಿಡಿತಗಳ ಪಟ್ಟಿ ಹಳೆಯದರ ಮೇಲೆ ಹಾಯದೆ ಒಂದೇ ಮಗ್ಗುಲಿಗೆ ಸರಿದು ಹೋಗುತ್ತಿತ್ತು. ಅಲ್ಲಿ ಇನ್ನೊಂದು ನಕ್ಷತ್ರವಿದೆ, ಯಾರೂ ಕಂಡಿಲ್ಲ ಎಂದು ಅವರು ಪಟ್ಟು ಹಿಡಿದರು. ಸಭೆಗಳಲ್ಲಿ ಜನ ನಕ್ಕರು. ‘ನಿನೊನ ದೆವ್ವ’ ಎಂದು ಅದಕ್ಕೆ ಹೆಸರೂ ಇಟ್ಟರು. ನಾನು ಪಿಎಚ್‌ಡಿ ಮಾಡುವಾಗ ಒಂದು ಸಣ್ಣ ಅನುಮಾನ ಕೇಳಿ ಅವರಿಗೆ ಮೇಲ್ ಹಾಕಿದ್ದೆ. ದೊಡ್ಡವರು ಯಾರೂ ಉತ್ತರಿಸದ ಕಾಲದಲ್ಲಿ ಅವರು ಮರುದಿನವೇ ಉತ್ತರ ಬರೆದರು. ಮುಂದೆ ಬಿರಾದಾರ ಸರ್ ಕೂಡ ಸೇರಿ ನಾವು ಮೂವರೂ ಜೊತೆಯಾದೆವು. ಒಮ್ಮೆಯೂ ಎದುರು ಭೇಟಿಯಾಗದೆಯೇ ಅವರು ನನಗೆ ಗುರುಗಳು.

ಕೊನೆಗೂ ಈ ವರ್ಷ ಎಕ್ಸ್‌ರೇ ದೂರದರ್ಶಕದವರು ಒಪ್ಪಿಕೊಂಡರು. ಮುಂದಿನ ಸಿಡಿತ ಬಂದಾಗ, ಹಳೆಯದೂ ನಿನೊ ಅವರ ಜಾಗವೂ ಒಂದೇ ಚಿತ್ರದಲ್ಲಿ ಬರುವಂತೆ ಒಮ್ಮೆ ನೋಡುತ್ತೇವೆ ಎಂದರು. ಒಮ್ಮೆ ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಆ ದಿಕ್ಕಿನಲ್ಲಿ ಸಣ್ಣಪುಟ್ಟ ಸಿಡಿತ ಶುರುವಾಗಿತ್ತು. ಬಂದುಬಿಡಿ, ಮೂವರೂ ಒಟ್ಟಿಗೇ ನೋಡೋಣ ಎಂದು ನಿನೊ ಕರೆದರು. ತಮಗೆ ಎದೆನೋವು ಶುರುವಾಗಿದ್ದ ಸುದ್ದಿ ಮಾತ್ರ ಬರೆದಿರಲಿಲ್ಲ.

ಪಾಲೆರ್ಮೊ: ಗೋಡೆಯ ಮೇಲಿನ ಫೋಟೊ

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಶೇಂಗಾ ಹಿಂಡಿ, ಅಂದರೆ ಖಾರದ ಶೇಂಗಾ ಚಟ್ನಿಪುಡಿ. ಅವ್ವ ಕುಟ್ಟಿ ಕಟ್ಟಿಕೊಟ್ಟ ಗಂಟನ್ನು ಸಮವಸ್ತ್ರದವನೊಬ್ಬ ಬಿಚ್ಚಿಸಿ, ಬೆರಳಲ್ಲಿ ತೆಗೆದು, ಮೂಗಿಗೆ ಹಿಡಿದು, ಸೀನತೊಡಗಿದ. ಸೀನು ನಿಲ್ಲುವವರೆಗೆ ನಾವು ಅಪರಾಧಿಗಳ ಹಾಗೆ ನಿಂತಿದ್ದೆವು. ಕೊನೆಗೆ ಕಣ್ಣು ಒರೆಸಿಕೊಳ್ಳುತ್ತ ಹೋಗಿ ಎಂದು ಕೈ ಮಾಡಿದ.

ಹೊರಗೆ ನಿನೊ ಇರಲಿಲ್ಲ. ಫೋನ್ ಎತ್ತಲಿಲ್ಲ. ಕಾದು ಕಾದು ನನಗೆ ಸಿಟ್ಟು ಬಂತು. ದೂರದಿಂದ ಬಂದವರನ್ನು ಹೀಗೆ ನಿಲ್ಲಿಸುತ್ತಾರೆಯೇ ಎಂದು ಗೊಣಗುತ್ತ ಟ್ಯಾಕ್ಸಿ ಹಿಡಿದು ಅವರ ಓಣಿಗೆ ಹೋದೆವು. ಎರಡೂ ಬದಿಯ ಮನೆಗಳು ಹಣೆಗೆ ಹಣೆ ತಾಗಿಸಿ ನಿಂತಿದ್ದವು, ನಡುವೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು.

‘ನಮ್ಮ ಮಾವನ ಮನಿ ಓಣಿ ಇದ್ದಂಗ ಐತ್ರಿ, ಸಿಂದಗ್ಯಾಗ’ ಎಂದರು ಬಿರಾದಾರ ಸರ್. ಆಮೇಲೆ ತಟ್ಟನೆ ನಿಂತು ಗೋಡೆ ತೋರಿಸಿದರು. ‘ಇಲ್ನೋಡ್ರಿ ಮೇಡಂ. ನಿನೊ ಸರ್ ಫೋಟೊ. ಏನೋ ಸತ್ಕಾರ ಇಟ್ಟಾರ ಅಂತ ಕಾಣ್ತೈತಿ. ಅದಕ್ಕ ಬಂದಿಲ್ಲ ಅವ್ರು.’

ಗೋಡೆಗೆ ಅಂಟಿಸಿದ ದೊಡ್ಡ ಕಾಗದ. ಮೇಲೆ ನಿನೊ ಅವರ ನಗುಮುಖ, ಕೆಳಗೆ ದೊಡ್ಡಕ್ಷರದಲ್ಲಿ ಹೆಸರು. ಮುದ್ದೇಬಿಹಾಳದ ಸರ್ಕಲ್ಲಿನಲ್ಲಿ ಹುಟ್ಟುಹಬ್ಬವಿರಲಿ, ಸನ್ಮಾನವಿರಲಿ, ತಿಥಿಯಿರಲಿ, ಬ್ಯಾನರ್ ಎಲ್ಲದಕ್ಕೂ ಒಂದೇ ಥರ ಇರುತ್ತದೆ. ಬಿರಾದಾರ ಸರ್ ಖುಷಿಯಿಂದ ಅದರ ಪಕ್ಕ ನಿಂತು ಫೋನ್ ನನ್ನ ಕೈಗೆ ಕೊಟ್ಟರು, ಒಂದು ಫೋಟೊ ಹೊಡೆಯಿರಿ ಎಂದರು. ನಾನು ಫೋನ್ ಎತ್ತಿ ಹಿಡಿದಾಗ ಆ ಕಾಗದದ ಕಪ್ಪು ಅಂಚು ಕಂಡಿತು. ಮೂಲೆಯಲ್ಲಿ ಒಂದು ಶಿಲುಬೆ.

‘ಸರ್, ಈ ಕಡೆ ಬರ್ರಿ’ ಎಂದೆ.

‘ಯಾಕ್ರಿ, ಬೆಳಕಿಲ್ಲೇನ?’

‘ಶ್ರದ್ಧಾಂಜಲಿ ಐತ್ರಿ ಅದು.’

ಅವರು ತಿರುಗಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಆ ಗೋಡೆಗೆ ಕೈಮುಗಿದು ನಿಂತರು. ನಾವು ಊರಿಂದ ಮುಂಬೈಗೆ ಹೊರಟ ದಿನವೇ ನಿನೊ ಸತ್ತಿದ್ದರು ಎಂದು ಆಮೇಲೆ ತಿಳಿಯಿತು. ಗೋಡೆಯ ಮುಂದೆ ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಎರಡು ದಿನ ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎನ್ನಿಸಿತು. ಅಳು ಬಂದದ್ದು ಆಮೇಲೆ, ಮನೆಯ ಮೆಟ್ಟಿಲು ಹತ್ತುವಾಗ.

ಒಲೆ ಹಚ್ಚದ ಮನೆ

ಮನೆ ತುಂಬ ಕಪ್ಪು ಬಟ್ಟೆಯ ಹೆಂಗಸರು. ಮಣ್ಣಿನ ಕಾರ್ಯ ಅಂದೇ ಬೆಳಿಗ್ಗೆ ಆಗಿಹೋಗಿತ್ತು. ನಿನೊ ಅವರ ಹೆಂಡತಿ ಕೊಂಚೆತ್ತಾ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹಾಗಾಗಿ ನಮಗೆ ಅವರೊಂದಿಗೆ ಮಾತಾಡಲು ತೊಂದರೆಯಾಗಲಿಲ್ಲ. ಎಪ್ಪತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಮ್ಮನ್ನು ಕಂಡು ಅಳಲಿಲ್ಲ. ‘ನೀವು ಬರುತ್ತೀರೆಂದು ಅವನು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದ. ಅದನ್ನೇ ತೊಡಿಸಿ ಕಳಿಸಿದೆ’ ಎಂದರು.

ಅಡಿಗೆಮನೆಯಲ್ಲಿ ಒಲೆ ತಣ್ಣಗಿತ್ತು. ಅಕ್ಕಪಕ್ಕದವರು ಮುಚ್ಚಿದ ಪಾತ್ರೆಗಳಲ್ಲಿ ಸಾರು, ಮೀನು, ಬ್ರೆಡ್ಡು ತಂದಿಡುತ್ತಿದ್ದರು. ಕಾಫಿ ಕೂಡ ಪಕ್ಕದ ಮನೆಯಿಂದ ಬರುತ್ತಿತ್ತು. ಸಾವಾದ ಮನೆಯಲ್ಲಿ ಕೆಲವು ದಿನ ಬೆಂಕಿ ಹಚ್ಚಬಾರದು, ಹತ್ತಿರದವರೇ ಉಣಿಸಬೇಕು ಎಂಬುದು ಅಲ್ಲಿಯ ಹಳೆಯ ಪದ್ಧತಿಯಂತೆ, ಈಗ ಎಲ್ಲರೂ ಪಾಲಿಸುವುದಿಲ್ಲವಂತೆ. ಬಿರಾದಾರ ಸರ್ ನನ್ನ ಕಡೆ ಬಾಗಿ ‘ನಮ್ಮಂಗ ಐತಲ್ರಿ ಇವರದೂ’ ಎಂದರು. ನನಗೂ ಜೀವ ಸ್ವಲ್ಪ ತಂಪಾಯಿತು. ಮಸೂತಿಯಲ್ಲಿ ಅಪ್ಪ ಹೋದಾಗ ಇಡೀ ಓಣಿ ನಮಗೆ ರೊಟ್ಟಿ ಬೇಳೆ ತಂದುಕೊಟ್ಟಿತ್ತು. ಇಲ್ಲಿಯವರೂ ನಮ್ಮವರೇ ಎಂದುಕೊಂಡೆ. ಮುಂದಿನ ಎಡವಟ್ಟಿಗೆಲ್ಲ ಅದೇ ಕಾರಣ.

ಕೊಂಚೆತ್ತಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ‘ಆ ದೂರದರ್ಶಕ ಯಾವಾಗ ನೋಡುತ್ತದೆ?’

‘ಒಂದು ಜೋರು ಸಿಡಿತ ಬಂದ ಕೂಡಲೇ.’

‘ಅವನು ಹೇಳಿದ ಜಾಗದಲ್ಲಿ ನಕ್ಷತ್ರ ಕಂಡರೆ ಅದಕ್ಕೊಂದು ವಿಳಾಸ ಇರುತ್ತದಲ್ಲ, ಅಂಕಿಗಳು?’

‘ಇರುತ್ತದೆ. ಆಕಾಶದಲ್ಲಿ ಎಲ್ಲಿದೆ ಎಂದು ಹೇಳುವ ಎರಡು ಅಂಕಿ.’

‘ಅವನ್ನು ನನಗೆ ಕೊಡಿ. ಅವನ ಸಮಾಧಿಯ ಕಲ್ಲು ಸಿದ್ಧವಾಗುತ್ತಿದೆ. ಹೆಸರಿನ ಕೆಳಗೆ ಜಾಗ ಬಿಡಲು ಹೇಳಿದ್ದೇನೆ. ಬೇರೆ ಏನೂ ಬೇಡ, ಆ ಅಂಕಿ ಸಾಕು. ಅವನ ಬೆನ್ನ ಹಿಂದೆ ನಕ್ಕವರೆಲ್ಲ ಹೂವು ಇಡಲು ಬರುತ್ತಾರೆ. ಆಗ ಓದಲಿ.’

ಕೊಡುತ್ತೇನೆ ಎಂದೆ. ಸ್ವಲ್ಪ ಹೊತ್ತು ಕೂತು, ನಾನೂ ಬಿರಾದಾರ ಸರ್ರೂ ಎದ್ದೆವು. ನಮ್ಮ ಕಡೆ ಸತ್ತ ಮನೆಗೆ ಹೋದವರು ಹೊರಡುವಾಗ ‘ಬರ್ತೇನಿ’ ಅನ್ನುವುದಿಲ್ಲ. ಸಾವಿನ ಮನೆಗೆ ಮತ್ತೆ ಬರುತ್ತೇನೆ ಎಂದರೆ ಇನ್ನೊಂದು ಸಾವು ಬಯಸಿದಂತೆ. ಸುಮ್ಮನೆ ಎದ್ದು, ಯಾರ ಮುಖವನ್ನೂ ನೋಡದೆ, ಹೊಸ್ತಿಲು ದಾಟಿದ ಮೇಲೆ ತಿರುಗಿಯೂ ನೋಡದೆ ಹೋಗಬೇಕು. ಮನೆಯವರು ಕೂಡ ಬೀಳ್ಕೊಡಲು ಏಳುವುದಿಲ್ಲ. ಚಿಕ್ಕಂದಿನಿಂದ ಮೈಗೆ ಹತ್ತಿದ್ದು, ಯೋಚಿಸಿ ಮಾಡುವಂಥದ್ದಲ್ಲ. ಇಬ್ಬರೂ ಹಾಗೆಯೇ ಎದ್ದು ಬಂದೆವು. ಹಿಂದೆ ಮಾತು ನಿಂತದ್ದು ಕಿವಿಗೆ ಬಿತ್ತು. ಅದು ದುಃಖದ ಮೌನ ಎಂದುಕೊಂಡೆ.

ಸಂಜೆ ಅವ್ವನ ಫೋನ್ ಬಂತು. ಸುದ್ದಿ ಕೇಳಿ ಲೊಚಗುಟ್ಟಿ, ‘ಜಳಕಾ ಮಾಡ್ದೀ ಇಲ್ಲ?’ ಎಂದಳು.

‘ಮಾಡೇನವ್ವಾ.’

‘ತಲಿ ಮ್ಯಾಲೆ ಹಾಕ್ಕೊಂಡೀ?’

‘ಹಾಕ್ಕೊಂಡೇನಿ.’

‘ಆ ಹೆಣ್ಮಗಳು ಉಂಡಾಳೇನ? ಎದುರಿಗೆ ಕುಂತು ಉಣಸಬೇಕವ್ವಾ ಅಂಥವರಿಗೆ. ತಾಟು ಇಟ್ಟು ಬಂದ್ರ ಉಣ್ಣೂದಿಲ್ಲ.’

ನಾಳೆ ಹೋಗಿ ಕೂರುತ್ತೇನೆ ಎಂದೆ. ಆದರೆ ಮರುದಿನ ಆ ಬಾಗಿಲು ತೆರೆಯಲಿಲ್ಲ.

ಮುಚ್ಚಿದ ಬಾಗಿಲು

ಸಂಶೋಧನಾ ಕೇಂದ್ರದವರು ನಮಗೆ ನಿನೊ ಅವರ ಕೋಣೆಯನ್ನೇ ಬಿಟ್ಟುಕೊಟ್ಟರು. ಅವರ ಕುರ್ಚಿಯಲ್ಲಿ ಕೂರಲು ಇಬ್ಬರಿಗೂ ಮನಸ್ಸಾಗಲಿಲ್ಲ. ಮೂಲೆಗೆ ಸರಿಸಿ, ಬೇರೆ ಎರಡು ಕುರ್ಚಿ ತಂದುಕೊಂಡೆವು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಕೆಲಸವೆಂದರೆ ಕಾಯುವುದು. ಆಕಾಶದಲ್ಲಿ ಸಣ್ಣ ಸಣ್ಣ ಸಿಡಿತ ಬರುತ್ತಿತ್ತು, ದೂರದರ್ಶಕ ತಿರುಗಿಸುವಷ್ಟು ಜೋರಿನದು ಬರಲಿಲ್ಲ.

ಆ ಊರಿನವರು ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಔಷಧಿಯ ಅಳತೆಯಷ್ಟು ಕಾಫಿ, ಒಂದೇ ಗುಟುಕು, ಮುಗಿಯಿತು. ಬಿರಾದಾರ ಸರ್ ಕಪ್ಪಿನೊಳಗೆ ಇಣುಕಿ, ಉಳಿದದ್ದು ಯಾವಾಗ ಬರುತ್ತದೆಂದು ಕಾಯುತ್ತ ನಿಂತಿದ್ದರು. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಊರಿಗೆ ಊರೇ ಮಲಗುವುದು ಮಾತ್ರ ಅವರ ಮನಸ್ಸಿಗೆ ಬಂತು. ಸಂತೆಯಲ್ಲಿ ಒಂದು ನಿಂಬೆಹಣ್ಣು ಎತ್ತಿಕೊಂಡು ಉಗುರಿನಿಂದ ಗೀರಿ, ಕಣ್ಣು ಮುಚ್ಚಿ ವಾಸನೆ ನೋಡಿದರು. ಮಾವಿನಕಾಯಿಯಷ್ಟು ದಪ್ಪದ ಹಣ್ಣು. ‘ಗಾತ್ರ ಐತ್ರಿ. ಆದ್ರ ನಮ್ಮ ಇಂಡಿ ಕಾಯಿ ಹುಳಿ ಇದಕ್ಕಿಲ್ಲ’ ಎಂದರು. ಉಗುರು ತಾಗಿಸಿದ್ದಕ್ಕೆ ಮಾರುವವಳು ಬೈದಳು. ಭಾಷೆ ತಿಳಿಯದಿದ್ದರೂ ಬೈಗುಳ ಪೂರ್ತಿ ತಿಳಿಯಿತು.

ದಿನವೂ ಕೊಂಚೆತ್ತಾ ಅವರ ಬಾಗಿಲು ತಟ್ಟಿ ಬರುತ್ತಿದ್ದೆವು. ಒಳಗೆ ಕಾಲಸಪ್ಪಳ ಕೇಳುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಓಣಿಯ ಬ್ರೆಡ್ಡಿನ ಅಂಗಡಿಯವನು ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ನನಗೆ ತಲೆಬುಡ ತಿಳಿಯಲಿಲ್ಲ. ದುಃಖದಲ್ಲಿರುವವರನ್ನು ಕಾಡಬಾರದು ಎಂದು ಬಿರಾದಾರ ಸರ್ ಸಮಾಧಾನ ಹೇಳುತ್ತಿದ್ದರು.

ಒಂದು ಬೆಳಿಗ್ಗೆ, ನಿಂತು ಕಾಫಿ ಕುಡಿಯುತ್ತಿದ್ದಾಗ, ಜೋರು ಸಿಡಿತದ ಸುದ್ದಿ ಫೋನಿಗೆ ಬಂತು. ದೂರದರ್ಶಕದವರು ನಾಳೆಯೇ ತಿರುಗಿಸುತ್ತೇವೆ ಎಂದರು. ಇದನ್ನಾದರೂ ಹೇಳಬೇಕೆಂದು ಓಡಿದೆವು. ಬಾಗಿಲನ್ನು ಬಲವಾಗಿ ತಟ್ಟಿ, ಸಿಡಿತ ಬಂದಿದೆ ಎಂದು ಕೂಗಿ ಹೇಳಿದೆ. ಸರಪಳಿ ತೆಗೆಯದೆ ಕೊಂಚೆತ್ತಾ ಬಾಗಿಲನ್ನು ಒಂದು ಗೇಣು ತೆರೆದರು.

‘ಹೇಳಲು ಈಗ ಬಂದಿರಾ? ಬೇಕಿಲ್ಲ. ನನಗೆ ಅವತ್ತೇ ಗೊತ್ತಾಯಿತು.’

‘ಏನು ಗೊತ್ತಾಯಿತು?’

‘ಅಲ್ಲಿ ಏನೂ ಇಲ್ಲವೆಂದು. ಈ ಮನೆಗೆ ಬಂದ ಪ್ರತಿಯೊಬ್ಬರೂ ಹೋಗುವಾಗ ನನ್ನ ಕೈ ಹಿಡಿದುಕೊಂಡು ಏನಾದರೂ ಹೇಳಿ ಹೋದರು. ಅವನನ್ನು ಕಂಡರಾಗದವರೂ ಹೇಳಿ ಹೋದರು. ನೀವು ಮಾತ್ರ ನಾನು ಅಂಕಿ ಕೇಳಿದ ಮೇಲೆ ಕಳ್ಳರ ಹಾಗೆ ಎದ್ದು ಹೋದಿರಿ. ನಾನು ಕೈ ಚಾಚಿಕೊಂಡು ನಿಂತಿದ್ದೆ, ಎಲ್ಲರೂ ನೋಡಿದರು. ಸುಳ್ಳು ಹೇಳಲು ಬಾರದವರು ಹಾಗೆ ಹೋಗುತ್ತಾರೆ. ಕಲ್ಲಿನವನಿಗೆ ಹೆಸರೊಂದೇ ಸಾಕೆಂದು ಹೇಳಿಬಿಟ್ಟೆ.’

ಬಿರಾದಾರ ಸರ್ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಾಗಿಲ ಸಂದಿಯಲ್ಲೇ ನಿಂತು ನಾನು ಎಲ್ಲವನ್ನೂ ವಿವರಿಸಿದೆ. ನಮ್ಮ ಊರಲ್ಲಿ ಸಾವಿನ ಮನೆಯಿಂದ ಹೇಗೆ ಹೊರಡುತ್ತಾರೆ, ಬರುತ್ತೇನೆ ಎನ್ನುವುದು ಯಾಕೆ ಕೆಟ್ಟದ್ದು, ಮಾತಿಲ್ಲದೆ ಹೋಗುವುದೇ ಹೇಗೆ ಮರ್ಯಾದೆ. ದೂರದರ್ಶಕ ಇನ್ನೂ ನೋಡಿಯೇ ಇಲ್ಲ, ನಮಗೆ ಏನೂ ಗೊತ್ತಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಆಮೇಲೆ ಸರಪಳಿ ತೆಗೆದರು.

‘ಹಾಗಾದರೆ ಇನ್ನೂ ಇರಬಹುದು’ ಎಂದರು.

‘ಇರಬಹುದು’ ಎಂದೆ. ನಾನೂ ಅದನ್ನೇ ನಂಬಿದ್ದೆ.

ಅವರು ನಕ್ಕರು, ಕೂತರು, ಎದ್ದರು. ನಮ್ಮೆದುರೇ ಕಲ್ಲಿನವನಿಗೆ ಫೋನ್ ಮಾಡಿ, ಜಾಗ ಬಿಡು, ಜೊತೆಗೊಂದು ನಕ್ಷತ್ರವನ್ನೂ ಕೆತ್ತು ಎಂದು ಹೇಳಿದರು. ಅಂದು ಅವ್ವ ಹೇಳಿದಂತೆ ಎದುರು ಕೂತು ಉಣ್ಣಿಸಿದೆ. ಚೆನ್ನಾಗಿ ಉಂಡರು. ಆ ಹೊತ್ತಿಗೆ ನನಗೆ ಬಹಳ ಖುಷಿಯಾಗಿತ್ತು. ಅವರು ಆಗಲೇ ಅತ್ತು ಮುಗಿಸಿದ್ದ ಆಸೆಯನ್ನು ನಾನು ಹೋಗಿ ಮತ್ತೆ ಎಬ್ಬಿಸಿದ್ದೆ.

ಚುಕ್ಕೆಗಳು

ಎಕ್ಸ್‌ರೇ ಚಿತ್ರ ಎಂದರೆ ಸಿನಿಮಾದಲ್ಲಿ ತೋರಿಸುವ ಬಣ್ಣಬಣ್ಣದ ಆಕಾಶವಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಚುಕ್ಕೆ. ಎಲ್ಲಿ ಚುಕ್ಕೆ ಒತ್ತೊತ್ತಾಗಿ ಕೂಡುತ್ತದೋ ಅಲ್ಲಿ ಏನೋ ಇದೆ ಎಂದರ್ಥ. ನಾನು ನಿನೊ ಅವರ ಜಾಗದ ಸುತ್ತ ಹಸಿರು ಬಣ್ಣದ ಒಂದು ವೃತ್ತ ಎಳೆದು, ಬಂದ ದತ್ತಾಂಶವನ್ನೆಲ್ಲ ಪರದೆಗೆ ತಂದೆ.

ಹಳೆಯದು ಕೆಂಡದ ಹಾಗೆ ಉರಿಯುತ್ತಿತ್ತು. ಹಸಿರು ವೃತ್ತದೊಳಗೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಹೊರಗಿನ ಖಾಲಿ ಆಕಾಶದಲ್ಲಿ ಇದ್ದಷ್ಟೇ.

ಕೊಲ್ಹಾರದ ಸೇತುವೆಯ ಮೇಲೆ ಬಸ್ಸು ಹೋಗುವಾಗ ಮುದುಕರು ಊರು ಮುಳುಗಿಸಿದ ಅಣೆಕಟ್ಟಿನ ಹಿನ್ನೀರಿನತ್ತ ಬೆರಳು ಮಾಡಿ, ಅಲ್ಲೇ ನಮ್ಮ ಮನೆ ಇತ್ತು ಎಂದು ತೋರಿಸುತ್ತಾರೆ. ಬರೀ ನೀರು ಕಾಣುತ್ತದೆ. ಆದರೂ ಅಲ್ಲಿ ಒಮ್ಮೆ ಮನೆ ಇತ್ತು, ಒಲೆ ಇತ್ತು. ಈ ವೃತ್ತದೊಳಗೆ ಎಂದೂ ಏನೂ ಇದ್ದಂತಿರಲಿಲ್ಲ.

ಮಂಕಾಗಿರಬಹುದು, ಇನ್ನೂ ಕಾಯಬೇಕು ಎಂದು ನಾನು ವಾದ ಹೂಡಿದೆ. ಬಿರಾದಾರ ಸರ್ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದೂರದರ್ಶಕ ನೋಡುತ್ತಿರುವಾಗಲೇ ನಕ್ಷತ್ರ ಮತ್ತೊಮ್ಮೆ ಸಿಡಿದಿತ್ತು. ಆ ಕ್ಷಣದ ಎಕ್ಸ್‌ರೇ ಚುಕ್ಕೆಗಳೆಲ್ಲ ಹಳೆಯದರ ಮೇಲೇ ಬಿದ್ದಿದ್ದವು. ಅದೇ ಸಿಡಿತವನ್ನು ಗಾಮಾ ಉಪಗ್ರಹಗಳೂ ಹಿಡಿದಿದ್ದವು. ಅವು ಎಳೆದ ಪಟ್ಟಿ ಮಾತ್ರ ಮಗ್ಗುಲಿಗೆ ಸರಿದು, ನೆಟ್ಟಗೆ ನಿನೊ ಅವರ ಜಾಗದ ಮೇಲೆ ಹಾಯ್ದಿತ್ತು. ಸಿಡಿತ ಹೊರಟ ಮನೆ ಕಣ್ಣಿಗೆ ಕಂಡಾಗಿದೆ, ಪಟ್ಟಿ ತೋರಿಸುತ್ತಿರುವುದು ಪಕ್ಕದ ಖಾಲಿ ಜಾಗವನ್ನು.

‘ಒಂದು ಉಪಗ್ರಹದ ಗಡಿಯಾರ ಹಿಂದ ಬಿದ್ದೈತ್ರಿ ಮೇಡಂ’ ಎಂದರು. ‘ನಿನೊ ಸರ್ ಎತ್ತಿಟ್ಟ ಸಿಡಿತಕ್ಕೆಲ್ಲಾ ಅದ ಉಪಗ್ರಹ ಐತಿ. ತಗದು ನೋಡಿದೆ. ಆ ತಪ್ಪು ತಿದ್ದಿ ಲೆಕ್ಕಾ ಮಾಡಿದ್ರ ಎಲ್ಲಾ ಪಟ್ಟಿನೂ ಹಳೇದಕ್ಕ ಬರ್ತಾವ.’

‘ಇನ್ನೊಮ್ಮೆ ನೋಡ್ರಿ.’

‘ನೋಡಿ ನೋಡಿ ಸಾಕಾತ್ರಿ. ನನಗೇನು ಸಂತೋಷ ಐತೇನ್ರಿ ಇದರಾಗ?’

ನಾನು ಅವರ ಮೇಲೆ ಹರಿಹಾಯ್ದೆ. ಅವರದೇನೂ ತಪ್ಪಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ನಾನು ಕೂಗಾಡಿ ಮುಗಿಸುವವರೆಗೆ ಸುಮ್ಮನೆ ಕೇಳಿ, ಆಮೇಲೆ ಮೆಲ್ಲಗೆ ಹೇಳಿದರು. ‘ಲೆಕ್ಕಾ ಇನ್ನಾ ಮುಗಿದಿಲ್ಲ ಅಂತ ಹೇಳಿ ಊರಿಗೆ ಹೋಗೂಣ್ರಿ. ಆಮ್ಯಾಲೆ ಒಂದು ಮೇಲ್ ಹಾಕಿದ್ರಾತು. ಆಕಿಗೆ ಗಂಡ ಹ್ವಾದದ್ದ ಸಾಕು.’

‘ಅಷ್ಟರಾಗ ಕಲ್ಲಿನ ಮ್ಯಾಲೆ ಅಂಕಿ ಹಾಕಿಸಿಬಿಟ್ರ?’

‘ಹಾಕಿಸ್ಲಿ ಬಿಡ್ರಿ. ಯಾರು ಓದ್ತಾರ?’

‘ನಕ್ಕವರು ಓದ್ತಾರ್ರಿ. ಅವ್ರಿಗೆ ಓದಾಕ ಬರತೈತಿ.’

ಬಿರಾದಾರ ಸರ್ ಮೂಲೆಯ ಖಾಲಿ ಕುರ್ಚಿಯ ಕಡೆ ನೋಡಿದರು. ‘ಹಂಗಾದ್ರ ನೀವ ಹೇಳ್ರಿ’ ಎಂದರು. ‘ನನ್ನ ಕೈಲೆ ಆಗೂದಿಲ್ಲ. ಜೋಡಿ ಬರ್ತೇನಿ, ನಿಂದರ್ತೇನಿ.’

ಕಲ್ಲಿನ ಅಂಗಡಿ

ಫಲಿತಾಂಶ ಬಂದಿದೆ ಎಂದು ಫೋನಿನಲ್ಲಿ ಹೇಳಿದಾಗ ಕೊಂಚೆತ್ತಾ ಏನು ಬಂತೆಂದು ಕೇಳಲೇ ಇಲ್ಲ. ಸೀದಾ ಕಲ್ಲಿನವನ ಅಂಗಡಿಗೇ ಬನ್ನಿ, ಅವನು ಕಾಯುತ್ತಿದ್ದಾನೆ ಎಂದರು. ನಾನು ತಡವರಿಸುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಸ್ಮಶಾನದ ಗೋಡೆಗೆ ಹತ್ತಿಕೊಂಡ ಅಂಗಡಿ ಅದು. ನಡು ಮಧ್ಯಾಹ್ನ, ಉಳಿದ ಊರೆಲ್ಲ ಮಲಗಿತ್ತು. ಕಲ್ಲಿನವನು ಮುದುಕ, ಹುಬ್ಬಿನವರೆಗೆ ಬಿಳಿ ಧೂಳು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಮೃತಶಿಲೆಯ ಹಲಗೆ ಮಲಗಿತ್ತು. ಮೇಲೆ ನಿನೊ ಅವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದ. ಹೆಸರಿನ ಕೆಳಗೆ ಒಂದು ನಕ್ಷತ್ರ, ಅದರ ಕೆಳಗೆ ಅಂಕಿಗಾಗಿ ಎರಡು ಗೆರೆ ಎಳೆದಿಟ್ಟಿದ್ದ. ಕೊಂಚೆತ್ತಾ ತಲೆ ಬಾಚಿ, ಕಪ್ಪು ಬಟ್ಟೆಯ ಮೇಲೆ ಒಂದು ಮುತ್ತಿನ ಸರ ಹಾಕಿಕೊಂಡು ಬಂದಿದ್ದರು.

‘ನಿಧಾನವಾಗಿ ಹೇಳಿ’ ಎಂದರು. ‘ಅವನು ಬರೆದುಕೊಳ್ಳುತ್ತಾನೆ.’

ಮುದುಕ ಕಲ್ಲಿನ ಮೇಲೆ ಬಾಗಿ, ಪೆನ್ಸಿಲಿನ ಮೊನೆಯನ್ನು ಮೊದಲ ಗೆರೆಗೆ ಹಚ್ಚಿ ಕಾದ.

‘ಅಂಕಿ ಇಲ್ಲ’ ಎಂದೆ. ‘ನಿನೊ ಹೇಳಿದ ಜಾಗದಲ್ಲಿ ನಕ್ಷತ್ರವಿಲ್ಲ. ಎಲ್ಲ ಸಿಡಿತವೂ ಆ ಹಳೆಯ ನಕ್ಷತ್ರದ್ದೇ.’

‘ಇನ್ನೊಮ್ಮೆ ನೋಡುತ್ತಾರೇನೋ.’

‘ಇಲ್ಲ. ಒಂದು ಉಪಗ್ರಹದ ಗಡಿಯಾರ ತಪ್ಪಿತ್ತು. ಅದು ಖಚಿತವಾಗಿದೆ. ನಿನೊ ಅದನ್ನು ನಂಬಿದರು. ನಾವೂ ನಂಬಿದೆವು.’

ಕೊಂಚೆತ್ತಾ ಕಲ್ಲನ್ನೇ ನೋಡುತ್ತ ನಿಂತರು. ನನಗೆ ತಡೆಯಲಾಗಲಿಲ್ಲ. ನಿನೊ ಅಷ್ಟು ಹಟ ಹಿಡಿಯದಿದ್ದರೆ ಆ ಗಡಿಯಾರದ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೂ ದೊಡ್ಡ ಕೆಲಸವೇ ಎಂದೆಲ್ಲ ಹೇಳಿದೆ. ಹೇಳಿದ್ದು ನಿಜ. ಕೊಂಚೆತ್ತಾ ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

‘ಅದನ್ನು ಕಲ್ಲಿನ ಮೇಲೆ ಬರೆಯಲು ಬರುವುದಿಲ್ಲ.’

ಬಿರಾದಾರ ಸರ್ ತಲೆ ತಗ್ಗಿಸಿ ನಿಂತಿದ್ದರು.

‘ಪ್ರತಿ ಸಂಜೆ ಊಟಕ್ಕೆ ಕರೆದರೆ, ಇನ್ನೇನು ಸಿಕ್ಕಿತು, ಒಂದು ನಿಮಿಷ ಅನ್ನುತ್ತಿದ್ದ’ ಎಂದರು ಕೊಂಚೆತ್ತಾ. ‘ನಾನು ಕಾಯುತ್ತಿದ್ದೆ. ಸಿಗುತ್ತದೆ ಎಂದು ನಾನೂ ನಂಬಿದ್ದೆ, ಇಲ್ಲದಿದ್ದರೆ ಯಾರು ಕಾಯುತ್ತಾರೆ. ಅವನು ತಾನೇ ಸರಿ ಎಂದುಕೊಂಡು ಸತ್ತ. ಅವನಿಗೆ ಒಳ್ಳೆಯದಾಯಿತು. ತಪ್ಪನ್ನು ನನ್ನ ಪಾಲಿಗೆ ಬಿಟ್ಟುಹೋದ.’

ನನಗೆ ಗುರುಗಳ ಮೇಲೆ, ಗಡಿಯಾರದ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂದಿತ್ತು. ಅದನ್ನು ಅಲ್ಲಿ ಯಾರ ಮೇಲೂ ತೋರಿಸುವಂತಿರಲಿಲ್ಲ.

ಕೊಂಚೆತ್ತಾ ಮುದುಕನಿಗೆ ಒಂದೆರಡು ಮಾತು ಹೇಳಿದರು. ಅವನು ಒದ್ದೆ ಬಟ್ಟೆ ತಂದು ನಕ್ಷತ್ರವನ್ನು ಒರೆಸಿದ, ಆಮೇಲೆ ಆ ಎರಡು ಗೆರೆಗಳನ್ನೂ ಒರೆಸಿದ. ಹೆಸರು ಮಾತ್ರ ಉಳಿಯಿತು. ಕೆಳಗೆ ಅರ್ಧ ಕಲ್ಲು ಬರಿದಾಗಿತ್ತು. ಅವನು ಅದರ ಮೇಲೆ ಅಂಗೈ ಊರಿ ಏನೋ ಕೇಳಿದ.

‘ಇಷ್ಟು ಜಾಗ ಏನು ಮಾಡಲಿ ಎಂದು ಕೇಳುತ್ತಿದ್ದಾನೆ’ ಎಂದರು ಕೊಂಚೆತ್ತಾ. ಅವರು ಅವನಿಗೆ ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟು, ಆಮೇಲೆ ನಮಗೂ ಹೇಳಿದರು.

‘ಹಾಗೇ ಇರಲಿ. ನನ್ನ ಹೆಸರಿಗೆ ಬೇಕಾಗುತ್ತದೆ.’

ಮುದುಕ ತಲೆಯಾಡಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಅಳತೆಪಟ್ಟಿ ಬಿಚ್ಚಿ ಆ ಜಾಗದ ಅಳತೆ ತೆಗೆಯತೊಡಗಿದ.